ಬೆಟ್ಟದ ಚಾರಣಕ್ಕೆ ಉಡುಪು ಮತ್ತು ಹಗುರ ಸಾಮಾನಿನ ಆಯ್ಕೆ

1712 ಮೀಟರ್ ಎತ್ತರದ ಕುಮಾರ ಪರ್ವತದಂತಹ ಬೆಟ್ಟಕ್ಕೆ ಮೈಸೂರಿನಿಂದ ಹೊರಡುವವರು ಮೊದಲು ಹತ್ತಿ ಬಟ್ಟೆಯನ್ನು ಬದಿಗಿಡಬೇಕು. ನಮ್ಮ ಊರಿನ ಸೆಕೆಗೆ ಹಿತವಾದ ಹತ್ತಿ ಅಂಗಿಯು ಬೆವರನ್ನು ಹೀರಿಕೊಂಡು ಬೇಗ ಒಣಗದೆ, ಮೇಲೆ ಗಾಳಿ ಬೀಸಿದೊಡನೆ ಮೈಯ ಶಾಖವನ್ನು ಕಳೆಯುವುದರಿಂದ, ಒಳಪದರಕ್ಕೆ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯನ್ನು ಆರಿಸಿಕೊಳ್ಳುವುದು ಸೂಕ್ತ. 1000 ಮೀಟರ್ ಏರಿದರೆ ತಾಪಮಾನವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಆದರೂ ಭಾರವಾದ ಒಂದೇ ಸ್ವೆಟರ್‌ಗಿಂತ, ಏರುವಾಗ ಬಿಚ್ಚಿ ವಿಶ್ರಮಿಸುವಾಗ ತೊಡಬಹುದಾದ ತೆಳು ಫ್ಲೀಸ್ (ಉಣ್ಣೆಯಂತೆ ಬೆಚ್ಚಗಿಡುವ ಹಗುರ ಕೃತಕ ಬಟ್ಟೆ) ಮತ್ತು ಮಳೆ ತಡೆಯುವ ಜಾಕೆಟ್ ಮೇಲು.

ಹೊಸ ಬೂಟುಗಳನ್ನು ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ಪರೀಕ್ಷಿಸುವುದು ಅತ್ಯಗತ್ಯವೆಂದು ನನ್ನ ದೃಢವಾದ ಅಭಿಪ್ರಾಯ: ಇಳಿಯುವಾಗ ಬೆರಳುಗಳು ಮುಂತುದಿಗೆ ತಾಗಿದರೆ, ಅಂಗಡಿಯಲ್ಲಿ ಎಷ್ಟೇ ಹಿತವೆನಿಸಿದ್ದರೂ ಆ ಅಳತೆ ಚಿಕ್ಕದು. ಒಂದು ಲೀಟರ್ ನೀರೇ ಒಂದು ಕಿಲೋ ತೂಗಿದರೂ ಅದು ಅನಿವಾರ್ಯವಾದ್ದರಿಂದ, ಉಳಿಸಬೇಕಾದ ತೂಕವನ್ನು ನೀರಿನಲ್ಲಲ್ಲ, ಹೆಚ್ಚುವರಿ ಬಟ್ಟೆಯಲ್ಲಿ ಉಳಿಸಬೇಕು.