‘ವರ್ಣಭೇದ’ ಪದವನ್ನು ಬೋರ್ಡಿನಿಂದ ಅಳಿಸಿದ ಮೇಲೆ

ಅಪಾರ್ಥೈಡ್, ಅಂದರೆ ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಜನಾಂಗ ನೋಡಿ ಜನರನ್ನು ಬೇರ್ಪಡಿಸಿದ ವ್ಯವಸ್ಥೆ. ಅದನ್ನು ಹೇಳಿಕೊಡುವ ಕ್ಲಾಸು ಮೂರನೇ ವರ್ಷಕ್ಕೆ ಕೈಗೆ ಬಂತು. “ಪಿಯು ಹುಡುಗರ ಮುಂದೆ ಇದನ್ನೆಲ್ಲ ಬಿಚ್ಚಬೇಡ, ಜಗಳ ಆಗುತ್ತೆ” ಎಂದವರೇ ಈಗ ನನ್ನ ಚೀಟಿಗಳನ್ನು ಜೆರಾಕ್ಸ್ ಮಾಡಿಸಿಕೊಳ್ಳುತ್ತಿದ್ದಾರೆ. ದುಡ್ಡು ಮಾತ್ರ ಯಾರೂ ಕೊಟ್ಟಿಲ್ಲ.

ಮೊದಲ ವರ್ಷ ಬೋರ್ಡಿನ ಮೇಲೆ ಅದರ ಕನ್ನಡ ಹೆಸರು ‘ವರ್ಣಭೇದ ನೀತಿ’ ಎಂದು ದಪ್ಪಗೆ ಬರೆದೆ. ಅಲ್ಲೇ ಕೆಟ್ಟೆ. ನಮಗೆ ವರ್ಣ ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯವೂ ಹೌದು. ಅರ್ಧ ಕ್ಲಾಸು ಅಂಬೇಡ್ಕರ್ ಬಗ್ಗೆ ಬರೆಯಿತು, ಉಳಿದವರು ಫೇರ್‌ನೆಸ್ ಕ್ರೀಂ ಬಗ್ಗೆ. ದಕ್ಷಿಣ ಆಫ್ರಿಕಾ ಎಲ್ಲೂ ಇಲ್ಲ! ಎರಡನೇ ವರ್ಷ ‘ಇಸ್ರೇಲ್‌ನದ್ದು ವರ್ಣಭೇದವೇ?’ ಎಂದು ಪ್ಯಾಲೆಸ್ಟೀನಿಯರ ವಿಷಯದ ಚರ್ಚೆ ಇಟ್ಟೆ. ಫ್ಲೆಕ್ಸ್ ನಕ್ಷೆಗೇ ಸುಮಾರು 1,800 ರೂಪಾಯಿ ಸುರಿದೆ. ಹತ್ತು ನಿಮಿಷ ವಾದ, ಆಮೇಲೆ ಬರೀ ಕೂಗಾಟ. ನಕ್ಷೆಯನ್ನು ಯಾರೂ ನೋಡಲೂ ಇಲ್ಲ.

ಈ ಸಲ ಪದವನ್ನೇ ಬಚ್ಚಿಟ್ಟೆ. 1948ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ನ್ಯಾಷನಲ್ ಪಾರ್ಟಿ ಗೆದ್ದದ್ದು, 1950ರ ಎರಡು ಕಾಯ್ದೆ, ಅಷ್ಟೇ. ಒಂದು ಕಾಯ್ದೆ ಪ್ರತಿಯೊಬ್ಬರ ಜನಾಂಗವನ್ನು ದಾಖಲೆಯಲ್ಲಿ ಬರೆಯಿತು, ಇನ್ನೊಂದು ಯಾರು ಎಲ್ಲಿ ವಾಸಿಸಬೇಕು ಎಂದು ಗೆರೆ ಎಳೆಯಿತು. ಜೊತೆಗೆ ಓಡಾಟದ ಅನುಮತಿ ತೋರಿಸುವ ಪಾಸ್ ಪುಸ್ತಕ. ಅದು ಕೈಯಲ್ಲಿ ಇಲ್ಲದ ಕಪ್ಪು ಮನುಷ್ಯ ಜೈಲಿಗೆ. ಮಕ್ಕಳಿಗೆ ಜನಾಂಗ ಬರೆದ ಒಂದೊಂದು ಚೀಟಿ ಕೊಟ್ಟು, ಆ ಜನಾಂಗದವರಾಗಿ “ನಿಮ್ಮ ಸೋಮವಾರ ಬರೆಯಿರಿ” ಎಂದೆ. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಅದು ಬೀಳುತ್ತೋ ಇಲ್ಲವೋ ನೋಡಿ ಜನಾಂಗ ತೀರ್ಮಾನಿಸುತ್ತಿದ್ದದ್ದನ್ನು ಹೇಳಿದಾಗ ಹಿಂದಿನ ಬೆಂಚೂ ಸುಮ್ಮನಾಯಿತು. ಒಬ್ಬ ಹುಡುಗಿ ಚೀಟಿ ವಾಪಸ್ ಕೊಟ್ಟಳು. “ಸರ್, ಇದು ನಮ್ಮ ಊರಲ್ಲೇ ಇದೆ” ಅಂದಳು. ನಾನು ವಾದಿಸಲಿಲ್ಲ. ಚೀಟಿ ಹಂಚುವ ಕ್ರಮದಲ್ಲಿ ಒಂದು ಮಸಲತ್ತಿದೆ, ಅದನ್ನು ಇಲ್ಲಿ ಹೇಳಲ್ಲ. 60 ಮಕ್ಕಳು, ಖರ್ಚು 350 ರೂಪಾಯಿ ಇರಬಹುದು.

ಆಮೇಲೆ ಕಾನೂನನ್ನು ತುಂಡು ಮಾಡಿ ಕೊಟ್ಟೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟಿಸಿದ ರೋಮ್ ಒಪ್ಪಂದದ ಪ್ರಕಾರ ವರ್ಣಭೇದದ ಅಪರಾಧ ಎನ್ನಲು ಅಮಾನವೀಯ ಕೃತ್ಯಗಳು ನಡೆಯಬೇಕು, ಒಂದು ಜನಾಂಗ ಇನ್ನೊಂದನ್ನು ವ್ಯವಸ್ಥಿತವಾಗಿ ತುಳಿಯಬೇಕು, ಆ ಆಳ್ವಿಕೆಯನ್ನು ಉಳಿಸಿಕೊಳ್ಳುವ ಉದ್ದೇಶವೂ ಇರಬೇಕು. ಈಗ ಹೊರಗಿನ ಪ್ರಕರಣ ತಂದರೆ ಕೂಗಾಟವಿಲ್ಲ, ಕಾನೂನಿನ ಯಾವ ತುಂಡಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹುಡುಕಾಟ. ಜಾತಿಯ ವಿಚಾರ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನಕ್ಕೆ, ಡರ್ಬನ್‌ನಲ್ಲಿ 2001ರಲ್ಲಿ ಬಂದಾಗ ಭಾರತ ಸರ್ಕಾರ ‘ಜಾತಿ ಜನಾಂಗವಲ್ಲ’ ಎಂದಿತು. ಅಫ್ಗಾನಿಸ್ತಾನದಲ್ಲಿ ತಾಲಿಬಾನ್ ತುಳಿಯುತ್ತಿರುವ ಹೆಣ್ಣುಮಕ್ಕಳ ವಿಷಯದಲ್ಲೂ ‘ಜನಾಂಗ’ ಪದವೇ ಅಡ್ಡ, ಹೆಣ್ಣು ಒಂದು ಜನಾಂಗವಲ್ಲವಲ್ಲ. ಇಸ್ರೇಲ್ ವಿಚಾರದಲ್ಲಿ ಮಾನವ ಹಕ್ಕು ಸಂಸ್ಥೆಗಳಾದ ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ, ಆಮ್ನೆಸ್ಟಿ 2022ರಲ್ಲಿ ವರ್ಣಭೇದ ಹೌದು ಎಂದವು. ಇಸ್ರೇಲ್ ಖಡಾಖಂಡಿತವಾಗಿ ಅಲ್ಲ ಎನ್ನುತ್ತದೆ, ಇದು ಭದ್ರತೆಯ ಪ್ರಶ್ನೆ ಎನ್ನುತ್ತದೆ. 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಆಕ್ರಮಿತ ಪ್ಯಾಲೆಸ್ಟೀನ್ ಪ್ರದೇಶದಲ್ಲಿ ಇಸ್ರೇಲ್ ಮಾಡುತ್ತಿರುವುದು ‘ಪ್ರತ್ಯೇಕತೆ ಮತ್ತು ವರ್ಣಭೇದ’ವನ್ನು ನಿಷೇಧಿಸುವ, ಜನಾಂಗಭೇದ ವಿರೋಧಿ ಒಪ್ಪಂದದ ವಿಧಿಯ ಉಲ್ಲಂಘನೆ ಎಂದಿತು. ಎರಡರಲ್ಲಿ ಯಾವುದು ಅಂತ ಬಿಡಿಸಿ ಹೇಳಲಿಲ್ಲ. ನನ್ನ ಮಕ್ಕಳು ಅದನ್ನು ಹಿಡಿದದ್ದು ನನಗೆ ಹೆಮ್ಮೆ.

ಕೊನೆಗೊಂದು ತಮಾಷೆ ಪ್ರಯೋಗ. ಆಫ್ರಿಕಾನ್ಸ್‌ನಲ್ಲಿ (ದಕ್ಷಿಣ ಆಫ್ರಿಕಾದ ಒಂದು ಭಾಷೆ) ‘ಅಪಾರ್ಥೈಡ್’ ಪದಕ್ಕೆ ‘ಬೇರೆತನ’ ಎಂದಷ್ಟೇ ಅರ್ಥ. ಹೊಸ ಕನ್ನಡ ಪದ ಕಟ್ಟಿ ಎಂದೆ. ‘ಬೇರಿಡುಗೆ’, ‘ಗೆರೆರಾಜ್ಯ’ ಬಂದವು. ಪರೀಕ್ಷೆಯಲ್ಲಿ ಮಾತ್ರ ‘ವರ್ಣಭೇದ ನೀತಿ’ ಎಂದೇ ಬರೆಯಿರಿ ಎಂದಿದ್ದೇನೆ. ಇಲ್ಲದಿದ್ದರೆ ಅಂಕ ಹೋಗುತ್ತೆ.