ಬರ್ಮಿಂಗ್‌ಹ್ಯಾಮಿನ ಜೇಡಿಮಣ್ಣಿನಲ್ಲಿ ಚಳಿಗಾಲದ ಕೆಲಸ: ನನ್ನ ಅನುಭವ

ಬರ್ಮಿಂಗ್‌ಹ್ಯಾಮಿನಲ್ಲಿ ತರಕಾರಿ ಬೆಳೆಯಲು ನಾನು ವರ್ಷದ ಬಾಡಿಗೆಗೆ ಹಿಡಿದಿರುವ ಅಲಾಟ್‌ಮೆಂಟ್ ಅರ್ಧ ತುಂಡಿನದು. ಇಲ್ಲಿನವರ ಹಳೆಯ ಅಳತೆಯಲ್ಲಿ ಐದು ರಾಡ್, ಅಂದರೆ ಸುಮಾರು 125 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಒಂದೂಕಾಲು ಗುಂಟೆ. ಬೇಡಿಕೆಯಿದ್ದಲ್ಲಿ ಸ್ಥಳೀಯ ಆಡಳಿತವು ಜನರಿಗೆ ಇಂಥ ನೆಲ ಒದಗಿಸಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ 1908ರಿಂದಲೇ ಇದೆ. ಶಿರಸಿ ಕಡೆಯ ಅಡಿಕೆ ತೋಟ, ಗದ್ದೆಗಳ ನಡುವೆ ಬೆಳೆದ ನನಗೆ ಒಂದೂಕಾಲು ಗುಂಟೆ ಯಾವ ಲೆಕ್ಕಕ್ಕೂ ಇಲ್ಲವೆನಿಸಿತ್ತು. ಆ ಸದರದಿಂದಲೇ ಮೊದಲ ಚಳಿಗಾಲದಲ್ಲಿ ನಾನು ಕೆಟ್ಟೆ.

ಜನವರಿಯ ಒಂದು ವಾರಾಂತ್ಯ ಮಳೆ ಬಿಟ್ಟಿತ್ತೆಂಬ ಒಂದೇ ಕಾರಣಕ್ಕೆ ಗಂಬೂಟು ಹಾಕಿಕೊಂಡು ಹೋಗಿ, ಎರಡು ದಿನ ಇಡೀ ತುಂಡನ್ನು ತುಳಿದುಕೊಂಡೇ ಅಗೆದು ಮುಗಿಸಿದೆ. ಗುದ್ದಲಿಗೆ ಸಿಕ್ಕ ಹೆಂಟೆಗಳು ಬೆಣ್ಣೆಯಂತೆ ಹೊಳೆಯುತ್ತಿದ್ದವು. ಅದನ್ನು ಫಲವತ್ತಾದ ಮಣ್ಣಿನ ಲಕ್ಷಣವೆಂದು ತಿಳಿದು ಹಿಗ್ಗಿದೆ. ಏಪ್ರಿಲ್‌ನಲ್ಲಿ ಬಿಸಿಲು ಬಿದ್ದಾಗ ಅವೇ ಹೆಂಟೆಗಳು ಇಟ್ಟಿಗೆಗಳಾದವು, ಬಿತ್ತಿದ ಕ್ಯಾರೆಟ್ಟಿನಲ್ಲಿ ಮೊಳೆತದ್ದು ನಾಲ್ಕನೆಯ ಒಂದು ಪಾಲೂ ಇರಲಿಲ್ಲ. ನಾನು ಮಾಡಿದ್ದು ನಮ್ಮೂರಿನ ಗದ್ದೆ ಹೂಟಿಯೇ ಎಂಬುದು ಆಮೇಲೆ ಹೊಳೆಯಿತು. ನಾಟಿಗೆ ಮೊದಲು ಗದ್ದೆಯಲ್ಲಿ ನೀರು ನಿಲ್ಲಿಸಿ ಉತ್ತು, ತುಳಿದು ಕೆಸರು ಮಾಡುವುದೇ ಮಣ್ಣಿನ ಹರಳುಗಳು ಒಡೆದು, ಅವುಗಳ ನಡುವಿನ ಸಂದುಗಳು ಮುಚ್ಚಿ, ನೀರು ಕೆಳಗೆ ಇಂಗದಿರಲಿ ಎಂದು. ಭತ್ತದ ಬೇರಿಗೆ ಎಲೆಯಿಂದ ಗಾಳಿ ಇಳಿಸಿಕೊಳ್ಳುವ ಕೊಳವೆಗಳಿರುವುದರಿಂದ ಅದು ಕೆಸರಿನಲ್ಲೂ ಬದುಕುತ್ತದೆ. ಕ್ಯಾರೆಟ್ಟಿಗೆ, ಬೆಳ್ಳುಳ್ಳಿಗೆ ಆ ಅನುಕೂಲವಿಲ್ಲ. ಊರಿನಲ್ಲಿ ಕಲಿತ ಸರಿಯಾದ ವಿದ್ಯೆಯನ್ನೇ ಇಲ್ಲಿ ತಪ್ಪು ಬೆಳೆಗೆ ಬಳಸಿದ್ದೆ.

ಈಗ ಅಗೆಯಲೇಬೇಕಾದ ಜಾಗವಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ, ಮಣ್ಣು ಬೂಟಿಗೆ ಅಂಟದ ದಿನ ನೋಡಿ ಅಗೆದು, ಹೆಂಟೆಗಳನ್ನು ಒಡೆಯದೆ ಹಾಗೆಯೇ ಬಿಡುತ್ತೇನೆ. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುವುದರಿಂದ, ರಾತ್ರಿ ಗಟ್ಟಿಯಾಗಿ ಹಗಲು ಕರಗುವ ಹಿಮ ಹೆಂಟೆಯನ್ನು ಒಳಗಿನಿಂದಲೇ ಸಡಿಲಿಸುತ್ತದೆ, ಫೆಬ್ರುವರಿಯ ಹೊತ್ತಿಗೆ ಅದು ಕುಂಟೆಯ ಹಲ್ಲು ತಾಗಿದರೆ ಪುಡಿಯಾಗುತ್ತದೆ. ನವೆಂಬರ್‌ನಿಂದ ಮುಂದೆ ಪಾತಿಗೆ ಕಾಲಿಡುವುದಿಲ್ಲ. ಅನಿವಾರ್ಯವಾದರೆ ಉದ್ದನೆಯ ಹಲಗೆ ಹಾಸಿ ಅದರ ಮೇಲೆ ನಿಲ್ಲುತ್ತೇನೆ. ಖಾಲಿ ಪಾತಿಗಳಿಗೆ ರಟ್ಟು ಹೊದಿಸಿ, ಮೇಲೆ ಗೊಬ್ಬರ ಹರಡಿ ಎರೆಹುಳಗಳಿಗೆ ಒಪ್ಪಿಸಿಬಿಡುವುದು ಅಗೆಯುವುದಕ್ಕಿಂತ ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಆದರೆ ಪಕ್ಕದ ತುಂಡಿನ ಹಿರಿಯರು ಇದನ್ನು ಶುದ್ಧ ಸೋಮಾರಿತನವೆಂದೇ ಭಾವಿಸುತ್ತಾರೆ.

ಮುಂದಿನ ವರ್ಷ ಎಲೆಕೋಸು ಬರುವ ಪಾತಿಗಳಿಗೆ ಗೊಬ್ಬರದ ಬದಲು ಸುಣ್ಣ ಹಾಕುತ್ತೇನೆ. ಕೋಸಿನ ಬೇರು ಗಂಟುಗಟ್ಟುವ ರೋಗ ಹುಳಿ ಮಣ್ಣಿನಲ್ಲಿ ಹೆಚ್ಚು, ಒಮ್ಮೆ ಬಂದರೆ ಹಲವು ವರ್ಷ ಮಣ್ಣು ಬಿಟ್ಟು ಹೋಗುವುದಿಲ್ಲ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಟ್ಟಿಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಆದ್ದರಿಂದ ಒಂದು ಶರತ್ಕಾಲಕ್ಕೆ ಒಂದು ಪಾತಿಗೆ ಎರಡರಲ್ಲೊಂದು ಮಾತ್ರ.

ಬೆಳ್ಳುಳ್ಳಿಯ ವಿಷಯದಲ್ಲಿಯೂ ನಾನು ತಪ್ಪಿ ಕಲಿತವನು. ಹಿಮಕ್ಕೆ ಸತ್ತುಹೋದೀತೆಂದು ಹೆದರಿ ಮಾರ್ಚ್ ಕೊನೆಯಲ್ಲಿ ಊರಿದಾಗ, ಜುಲೈನಲ್ಲಿ ಕಿತ್ತದ್ದು ಎಸಳೇ ಒಡೆಯದ ಒಂಟಿ ಗಡ್ಡೆಗಳು. ಬೆಳ್ಳುಳ್ಳಿ ಎಸಳಾಗಿ ಒಡೆಯಬೇಕಾದರೆ ಒಂದೆರಡು ತಿಂಗಳು 10 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಈಗ ಅಕ್ಟೋಬರ್ ಕೊನೆಯ ಭಾನುವಾರ, ಇಲ್ಲಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ದಿನವೇ, ತುದಿ ಮಣ್ಣಿನಿಂದ ಒಂದು ಅಂಗುಲ ಕೆಳಗಿರುವಂತೆ ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ ಎಸಳು ಊರುತ್ತೇನೆ. ಹಕ್ಕಿಗಳು ಎಳೆದು ಹಾಕದಂತೆ ಮೊಳಕೆ ಬರುವವರೆಗೆ ಬಲೆ ಇರುತ್ತದೆ. ನವೆಂಬರ್ ಮೊದಲ ವಾರದಲ್ಲಿ ಬಿತ್ತುವ ಬ್ರಾಡ್ ಬೀನ್ಸ್‌ಗೆ ಇಷ್ಟು ಕಷ್ಟವಿಲ್ಲ. ಜೂನ್‌ನಲ್ಲಿ ಅದರ ಕಾಳಿನ ಮೇಲಿನ ಸಿಪ್ಪೆಯನ್ನೂ ಹಿತುಕಿ ತೆಗೆದು ಸಾರು ಮಾಡುವ ಮೈಸೂರಿನ ನನ್ನ ಹೆಂಡತಿ, ಇದು ಅವರೆಯಲ್ಲ ಎಂದು ಪ್ರತಿ ಸಲವೂ ಹೇಳಿಯೇ ಬಡಿಸುತ್ತಾಳೆ.

ಎಲೆ ಉದುರುವ ಕಾಲಕ್ಕೆ ನನಗೆ ಊರಿನ ಬೆಟ್ಟ ನೆನಪಾಗುತ್ತದೆ. ನಮ್ಮ ಕಡೆ ಅಡಿಕೆ ತೋಟಕ್ಕೆಂದೇ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟಗಳಿದ್ದು, ಅಲ್ಲಿ ಗುಡಿಸಿ ತಂದ ದರಕನ್ನು ಕೊಟ್ಟಿಗೆಗೆ ಹಾಸಿದರೆ ಸೆಗಣಿ, ಗಂಜಲ, ದನದ ಕಾಲ್ತುಳಿತ ಸೇರಿ ಅದು ಬೇಗ ಗೊಬ್ಬರವಾಗುತ್ತದೆ. ಇಲ್ಲಿ ಕೊಟ್ಟಿಗೆಯಿಲ್ಲ. ಓಕ್ ಮರದ ಎಲೆಗಳನ್ನು ಬಾಚಿ, ನೀರು ಚಿಮುಕಿಸಿ, ತೂತು ಮಾಡಿದ ಕಪ್ಪು ಚೀಲಗಳಲ್ಲಿ ತುಂಬಿ ಶೆಡ್ಡಿನ ಹಿಂದೆ ಇಟ್ಟರೆ, ಕೊಳೆಯಿಸುವ ಕೆಲಸ ಹೆಚ್ಚಾಗಿ ಶಿಲೀಂಧ್ರಗಳದ್ದಾದ್ದರಿಂದ ರಾಶಿ ಬಿಸಿಯಾಗುವುದಿಲ್ಲ, ಪುಡಿಯಾಗಲು ಎರಡು ವರ್ಷ ಹಿಡಿಯುತ್ತದೆ. ಪೋಷಕಾಂಶ ಅದರಲ್ಲಿ ಕಡಿಮೆ, ಆದರೂ ಆ ಇಟ್ಟಿಗೆಯಂಥ ಮಣ್ಣನ್ನು ಬೆರಳಿನಿಂದ ಕೆದಕುವಂತೆ ಮಾಡಿದ್ದು ಈ ಎಲೆಪುಡಿಯೇ.

ಉಳಿದದ್ದು ಡೇರೆ. ಇಲ್ಲಿನವರು ಡೇಲಿಯಾ ಎನ್ನುವ ಈ ಹೂ ಮಲೆನಾಡಿನ ಅಂಗಳಗಳಲ್ಲಿ ಮಳೆಗಾಲದ್ದು. ನನ್ನ ಅಲಾಟ್‌ಮೆಂಟಿನಲ್ಲಿ ಮೊದಲ ಹಿಮ ಬೀಳುವವರೆಗೂ ಅರಳಿ, ಒಂದೇ ರಾತ್ರಿಯಲ್ಲಿ ಎಲೆ ಕಪ್ಪಾಗುತ್ತದೆ. ಆಗ ಕಾಂಡವನ್ನು ಗೇಣುದ್ದಕ್ಕೆ ಕತ್ತರಿಸಿ, ಗಡ್ಡೆ ಎತ್ತಿ, ಟೊಳ್ಳು ಕಾಂಡದೊಳಗಿನ ನೀರು ಇಳಿಯಲೆಂದು ತಲೆಕೆಳಗಾಗಿ ಒಂದೆರಡು ವಾರ ಇಟ್ಟು, ಒಣ ಎಲೆಪುಡಿಯ ಪೆಟ್ಟಿಗೆಯಲ್ಲಿ ಹುಗಿದು ಗ್ಯಾರೇಜಿಗೆ ಸಾಗಿಸುತ್ತೇನೆ. ತಿಂಗಳಿಗೊಮ್ಮೆ ತೆಗೆದು ನೋಡಿ ಮೆತ್ತಗಾದದ್ದನ್ನು ಎಸೆಯಬೇಕು. ಹೋದ ಚಳಿಗಾಲ ಒಂಬತ್ತರಲ್ಲಿ ಮೂರು ಹೋದವು. ಅಮ್ಮ ತನ್ನ ಡೇರೆ ಗಡ್ಡೆಗಳನ್ನು ಬೇಸಿಗೆಯಿಡೀ ಬೂದಿ ಬೆರೆಸಿದ ಮಣ್ಣಿನಲ್ಲಿ ಕಾಯ್ದಿಡುತ್ತಾಳೆ. ಮೇ ಕೊನೆಯಲ್ಲಿ ಇಲ್ಲಿ ಹಿಮದ ಭಯ ಕಳೆದು ನಾನು ನೆಡಲು ಹೊರಡುವ ಹೊತ್ತಿಗೆ ಅಲ್ಲಿ ಮುಂಗಾರಿನ ಮೋಡ ನೋಡಿಕೊಂಡು ಅವಳೂ ನೆಡುತ್ತಿರುತ್ತಾಳೆ, ಫೋನಿನಲ್ಲಿ ಇಬ್ಬರೂ ಮೊದಲು ಕೇಳುವುದು ಎಷ್ಟು ಗಡ್ಡೆ ಉಳಿದವು ಎಂದೇ.