ಕರಡಿ ತಾನೇ ಕಾಲು ಕೊಡುತ್ತೆ

ಚಿತ್ರದುರ್ಗ ಜಿಲ್ಲೆಯ ಹಳ್ಳಿಗಳಲ್ಲಿ ದನದ ಡಾಕ್ಟರಾಗಿ ಇಪ್ಪತ್ತು ವರ್ಷದ ಮೇಲಾಯಿತು. ಎಮ್ಮೆಯ ರಕ್ತ ತೆಗೆಯಬೇಕು ಅಂದರೆ ಇಬ್ಬರು ಹಗ್ಗ ಹಿಡಿಯೋರು, ಒಬ್ಬ ಬಾಲ ತಿರುವೋನು, ಕುತ್ತಿಗೆಯ ನರ ಹುಡುಕಲು ನಾನು. ಬೇರೆ ದಾರಿ ಇದೆ ಅಂತ ಯೋಚನೆಯೇ ಬಂದಿರಲಿಲ್ಲ.

ಮಗಳು ಅಮೆರಿಕದ ಪುಲ್‌ಮನ್‌ನಲ್ಲಿ ಓದುತ್ತಾಳೆ. ಅಲ್ಲಿನ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1986ರಿಂದ ಕರಡಿ ಸಂಶೋಧನಾ ಕೇಂದ್ರವಿದೆ. ಗ್ರಿಜ್ಲಿ ಅನ್ನುವ ಅಲ್ಲಿನ ಕಂದು ಕರಡಿಗಳನ್ನು ಸಾಕಿದ್ದಾರೆ. ಕೆಲವು ಅಲ್ಲೇ ಹುಟ್ಟಿದವು. ಕೆಲವು ಊರಿಗೆ ನುಗ್ಗುವ ಚಟ ಹತ್ತಿ ಕಾಡಲ್ಲಿ ಉಳಿಯುವ ಹಾಗಿಲ್ಲದೆ ಬಂದವು.

ಜೂನ್‌ನಲ್ಲಿ ಹೋಗಿದ್ದೆ. ಬೇಲಿಯ ಹೊರಗೆ ನಿಂತು ನೋಡಿದರೆ ಕರಡಿ ಹುಲ್ಲು ಮೇಯುತ್ತಿದೆ! ಥೇಟ್ ಹಸುವಿನ ಹಾಗೆ ತಲೆ ತಗ್ಗಿಸಿ. ಭುಜದ ಮೇಲೆ ಎತ್ತಿನ ಹಿಣಿಲಿನಂಥ ಡುಬ್ಬ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕರಡಿ ನೆನಪಾಯಿತು. ಅದು ಕಪ್ಪು, ಜೋಲು ಕೂದಲು. ಮೇಲಿನ ಸಾಲಿನ ನಡುವಿನ ಎರಡು ಹಲ್ಲೇ ಇಲ್ಲ, ಆ ಸಂದಿಯಿಂದಲೇ ಗೆದ್ದಲು ಹೀರುತ್ತೆ.

ನಮ್ಮ ಕರಡಿ ವರ್ಷವಿಡೀ ಓಡಾಡುತ್ತೆ. ಗ್ರಿಜ್ಲಿ ಸುಮಾರು ನವೆಂಬರ್‌ನಿಂದ ಮಾರ್ಚ್‌ವರೆಗೆ ಮಲಗಿಬಿಡುತ್ತೆ. ನೋಡಲು ಹೋಗುವವರು ಬೇಸಿಗೆಯಲ್ಲೇ ಹೋಗಿ. ಮಲಗುವ ಮುಂಚೆ ಗ್ರಿಜ್ಲಿ ಸಿಕ್ಕಾಪಟ್ಟೆ ಕೊಬ್ಬು ಬೆಳೆಸಿಕೊಳ್ಳುತ್ತೆ. ಮಲಗಿದಾಗ ಮೈ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮಾತು ಕೇಳಲ್ಲ. ಆದರೂ ಸಕ್ಕರೆ ಕಾಯಿಲೆ ಬರಲ್ಲ, ಎದ್ದ ಮೇಲೆ ಎಲ್ಲ ಮೊದಲಿನ ಹಾಗೆ. ಮನೆಗೊಬ್ಬರು ಶುಗರ್ ಮಾತ್ರೆ ನುಂಗುವ ಕಾಲದಲ್ಲಿ ಈ ಗುಟ್ಟು ಗೊತ್ತಾದರೆ ಎಷ್ಟು ಉಪಕಾರ ಅಲ್ವಾ? ಅದಕ್ಕೇ ಅಲ್ಲಿನ ಸಂಶೋಧಕರಿಗೆ ಬೇರೆ ಬೇರೆ ಕಾಲದ ಕರಡಿ ರಕ್ತ ಬೇಕು.

ಎಚ್ಚರವಿರುವ ಕರಡಿಯಿಂದ ರಕ್ತ ತೆಗೆಯೋದು ಹೇಗೆ? ಅಲ್ಲಿ ಆರೈಕೆ ಮಾಡುವ ಮಗಳ ಗೆಳತಿ ಮೊಬೈಲ್‌ನಲ್ಲಿ ತೋರಿಸಿದಳು. ಕರಡಿ ತಾನಾಗಿ ಬೋನಿನೊಳಗೆ ಬಂತು. ಮುಂದೆ ಒಬ್ಬರು ಜೇನು ಬೆರೆಸಿದ ನೀರು ಕೊಡುತ್ತಿದ್ದಾರೆ. ಹಿಂದೆ ಒಂದು ಸಣ್ಣ ಕಿಂಡಿ. ಅದರಿಂದ ಹಿಂಗಾಲು ಹೊರಗೆ ಚಾಚಿತು. ಸೂಜಿ ಚುಚ್ಚಿದರೂ ನಾಲಿಗೆ ನಿಲ್ಲಲಿಲ್ಲ. ಹಗ್ಗವಿಲ್ಲ, ಕೂಗಾಟವಿಲ್ಲ.

"ಕಾಲು ಎಳೆದುಕೊಂಡರೆ?" ಅಂದೆ.

"ಬಿಟ್ಟುಬಿಡ್ತಾರೆ ಅಪ್ಪಾ. ಇನ್ನೊಂದಿನ ನೋಡ್ತಾರೆ" ಅಂದಳು ಮಗಳು.

ಆ ಮಾತು ನನ್ನ ಜೊತೆಗೇ ಊರಿಗೆ ಬಂತು. ಹೊಳಲ್ಕೆರೆ ಕಡೆಯ ಒಂದು ಹಟ್ಟಿಯಲ್ಲಿ ಸೂಜಿ ಕಂಡರೆ ಹಗ್ಗ ಕಿತ್ತುಕೊಳ್ಳುವ ಎಮ್ಮೆ ಇತ್ತು. ಅದರ ಮೇಲೇ ಪ್ರಯತ್ನ ಮಾಡಿದೆ. ಮೊದಲ ನಾಲ್ಕು ದಿನ ಅಂಗೈಯಲ್ಲಿ ಚೂರು ಬೆಲ್ಲ, ಕುತ್ತಿಗೆ ಸವರೋದು, ಅಷ್ಟೇ. ಬೆಲ್ಲ ಜಾಸ್ತಿ ಬೇಡ, ಹೊಟ್ಟೆ ಕೆಡುತ್ತೆ. ಆಮೇಲೆ ಒದ್ದೆ ಹತ್ತಿ ಒತ್ತಿದೆ. ಆಮೇಲೆ ಉಗುರಲ್ಲಿ ಸಣ್ಣಗೆ ಚಿವುಟಿದೆ. ಒಂದು ದಿನ ತಲೆ ಒದರಿತು. ಸುಮ್ನೆ ಎದ್ದು ಬಂದೆ. ಹನ್ನೆರಡನೇ ದಿನ ಸೂಜಿ ಹಾಕಿದಾಗ ಕಿವಿ ಮಾತ್ರ ಅಲ್ಲಾಡಿಸಿತು, ಬೆಲ್ಲ ನೆಕ್ಕುತ್ತಲೇ ಇತ್ತು. ಎಮ್ಮೆಯ ಯಜಮಾನಿ ಅಜ್ಜಿ ಸೆರಗು ಬಾಯಿಗೆ ಹಿಡಿದು ನೋಡುತ್ತಾ ನಿಂತಿದ್ದರು.

ಹೊಟ್ಟೆ ಉಬ್ಬರಿಸಿ ಒದ್ದಾಡುವ ದನಕ್ಕೆ ಇಷ್ಟು ದಿನ ಕಾಯೋಕಾಗಲ್ಲ, ಅಲ್ಲಿ ಹಗ್ಗವೇ ಗತಿ. ಆದರೆ ಮತ್ತೆ ಮತ್ತೆ ಸೂಜಿ ಬೇಕಾಗುವ ದನಕ್ಕೆ ಈಗ ಇದೇ ದಾರಿ ಹಿಡಿದಿದ್ದೇನೆ. ಮೂರನೇ ಎಮ್ಮೆಗೆ ಕಲಿಸುತ್ತಿದ್ದೇನೆ. ನಿನ್ನೆಗೆ ಒದ್ದೆ ಹತ್ತಿಯವರೆಗೆ ಬಂದಿದೆ.